ಪಾರಣೆಯಿಲ್ಲದ ಉಪವಾಸ

ನಮ್ಮದು ಅಂಕಲಗಿ. ಈ ಮನೀಗೆ ಸೊಸಿಯಾಗಿ ಬಂದು ನಾಕು ವರ್ಷ ಆತು. ನಾದಿನಿ 19ರಾಕಿ, ಗೋಕಾಕಕ್ಕ ಕಾಲೇಜಿಗೆ ಹೋಗತಾಳ. ಎರಡು ವರ್ಷದ ಹಿಂದ ಮಾವನವರಿಗೆ ಹಾರ್ಟ್ ಅಟ್ಯಾಕ್ ಆಗಿ ಬೆಳಗಾವಿಯೊಳಗ ಸ್ಟೆಂಟ್ ಹಾಕಿದ್ರು. ಆವಾಗ ಈಕಿ 'ಅಪ್ಪ ಉಳದ್ರ ಸೋಮವಾರ ಒಪ್ಪತ್ತು ಮಾಡತೀನಿ' ಅಂತ ಅಡವಿಸಿದ್ಧೇಶ್ವರಗ ಬೇಡಿಕೊಂಡಳು. ಮಾವನವರು ಆರಾಮ ಆದ್ರು. ಸೋಮವಾರದ ಜೋಡಿ ಗುರುವಾರ ಬಂತು, ಆಮ್ಯಾಲ ಶನಿವಾರ. ಹೋದ ಶ್ರಾವಣದಿಂದ ದಿನಕ್ಕ ಅರ್ಧ ರೊಟ್ಟಿ, ಒಂದು ವಾಟಗ ಹಾಲು, ಅಷ್ಟ. ಮಂದಿಗೆಲ್ಲ ತಾನ ಅಡಗಿ ಮಾಡತಾಳ, ಶೇಂಗಾ ಹೋಳಿಗಿ ಮಾಡಿ ಎದುರಿಗೆ ಕುಂತು ತಿನಸತಾಳ, ತಾನು ಮುಟ್ಟಂಗಿಲ್ಲ. ಐದು ತಿಂಗಳಾತು ಮುಟ್ಟು ನಿಂತು. ಬ್ಯಾಸಗ್ಯಾಗೂ ಸ್ವೆಟರ್ ಹಾಕ್ಕೋತಾಳ. ಹೋದ ವಾರ ಪಾವಟಿಗಿ ಹತ್ತುವಾಗ ತಲಿ ತಿರುಗಿ ಬಿದ್ದಳು. ಕೇಳಿದ್ರ 'ವೈನಿ, ನಾ ಉಂಡು ಅಪ್ಪಗ ಏನರ ಆದ್ರ?' ಅಂತಾಳ. ಅತ್ತಿಯವರು 'ನನ್ನ ಮಗಳು ಶರಣಿ' ಅಂತಾರ. ನಾನು ಸೊಸಿ. ಬಾಯಿ ತೆಗದ್ರ ದೇವರಿಗೆ ಅಡ್ಡ ಬಂದಂಗ. ಏನ ಮಾಡ್ಲಿ?

— ಒಬ್ಬ ಓದುಗಿ, ಅಂಕಲಗಿ

ತಂಗೀ,

ಮೊದಲು ಆ ಪಾವಟಿಗೆಯ ಮಾತು. ದೇವರು, ಹರಕೆ, ಭಯ ಎಲ್ಲವನ್ನೂ ಆಮೇಲೆ ನೋಡೋಣ. ಮುಟ್ಟು ನಿಂತು, ಬೇಸಿಗೆಯಲ್ಲೂ ಚಳಿ ಹತ್ತಿ, ಮೆಟ್ಟಿಲಲ್ಲಿ ತಲೆ ತಿರುಗಿ ಬಿದ್ದಳೆಂದರೆ, ಆಕೆಯ ದೇಹ ಸಂದುಗೊಂದಿನಲ್ಲಿ ಉಳಿದದ್ದನ್ನೂ ಸುಟ್ಟುಕೊಂಡು ಜೀವ ಹಿಡಿದಿದೆ ಎಂದರ್ಥ. ಈ ವಾರವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅತ್ತೆಯವರ ಹತ್ತಿರ ವ್ರತದ ಸುದ್ದಿ ಎತ್ತಬೇಡಿ. 'ಬಿದ್ದಾಳ, ರಕ್ತ ತೋರಿಸಿಕೊಂಡು ಬರೂಣ್ರಿ' ಎಂದರೆ ಸಾಕು, ಅದರಲ್ಲಿ ಸುಳ್ಳೇನೂ ಇಲ್ಲ. ಗೋಕಾಕ ತಾಲೂಕು ಆಸ್ಪತ್ರೆಯಲ್ಲಿ ನಾಡಿ, ರಕ್ತದೊತ್ತಡ, ಇಸಿಜಿ, ಹಿಮೋಗ್ಲೋಬಿನ್ ನೋಡಲಿ. ಪೊಟ್ಯಾಸಿಯಂ, ಫಾಸ್ಫರಸ್ ಪರೀಕ್ಷೆಯನ್ನು ಮಾತ್ರ ಮರೆಯದೆ ಕೇಳಿ. ಥೈರಾಯ್ಡ್, ಕ್ಷಯ, ಸಕ್ಕರೆ ಕಾಯಿಲೆಗಳೂ ಹುಡುಗಿಯರನ್ನು ಹೀಗೆ ಸೊರಗಿಸುತ್ತವೆ, ಅವನ್ನೂ ನೋಡಿ ಬಿಡಬೇಕು. ಅಷ್ಟರೊಳಗೆ ಇನ್ನೊಮ್ಮೆ ಬಿದ್ದರೆ, ಎದೆ ಡವಡವ ಎಂದರೆ, ಪಾದ ಬಾತರೆ, ಕುಕ್ಕರಗಾಲಲ್ಲಿ ಕುಂತವಳು ಕೈ ಊರದೆ ಏಳಲಾಗದಿದ್ದರೆ ವಾರಗಟ್ಟಲೆ ಕಾಯಬೇಡಿ, ಅವತ್ತೇ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಇನ್ನೊಂದು ಎಚ್ಚರ. ಗಾಬರಿಯಲ್ಲಿ ಒಮ್ಮೆಲೇ ಹೋಳಿಗೆ, ತುಪ್ಪ, ಕರದಂಟು ಎಂದು ತುರುಕಬೇಡಿ. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡಿಸಿಕೊಂಡ ಹಸಿದ ಜನರಲ್ಲಿ ಕೆಲವರು ಹೊಟ್ಟೆ ತುಂಬ ಊಟ ಸಿಕ್ಕ ಮೇಲೆ ಸತ್ತರು. ಬಹಳ ದಿನ ಉಪವಾಸವಿದ್ದ ಮೈಗೆ ಏಕಾಏಕಿ ಅನ್ನ, ಸಿಹಿ ಬಿದ್ದರೆ ರಕ್ತದಲ್ಲಿನ ಫಾಸ್ಫರಸ್ ಕುಸಿದು ಹೃದಯ ತಾಳ ತಪ್ಪಬಹುದು. ಎಷ್ಟರಿಂದ ಶುರು ಮಾಡಬೇಕು, ಎಷ್ಟೆಷ್ಟು ಏರಿಸಬೇಕು ಎಂಬುದನ್ನು ವೈದ್ಯರೇ ಹೇಳಲಿ.

ಈಗ ಇದು ವ್ರತವೋ ಕಾಯಿಲೆಯೋ ಎಂಬ ಮಾತಿಗೆ ಬರುತ್ತೇನೆ. ಊಟ ಬಿಟ್ಟು ಮೈ ಸೊರಗಿಸುವ ಅನೊರೆಕ್ಸಿಯಾ ಎಂದರೆ ತೆಳ್ಳಗಾಗಲು ಹೊರಟ ಪಟ್ಟಣದ ಹುಡುಗಿಯರ ಕಾಯಿಲೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ ಮತ್ತು ಜೊತೆಗಾರರು 1993ರಲ್ಲಿ ಇಂಥ 70 ರೋಗಿಗಳ ಬಗ್ಗೆ ಬರೆದರು. ಅವರಲ್ಲಿ 41 ಜನರಿಗೆ ದಪ್ಪಗಾಗುವ ಹೆದರಿಕೆಯೇ ಇರಲಿಲ್ಲ. ಹೊಟ್ಟೆ ಉಬ್ಬರ, ಹಸಿವೆಯೇ ಇಲ್ಲ ಎನ್ನುವಂಥ ಕಾರಣ ಹೇಳುತ್ತಿದ್ದರು. ಎರಡು ವರ್ಷದ ಬಳಿಕ ದೆಹಲಿಯ ವೈದ್ಯರು ಉಣ್ಣಲೊಲ್ಲದೆ ಸೊರಗಿದ, ಮುಟ್ಟು ನಿಂತ ಐವರು ಯುವತಿಯರ ಬಗ್ಗೆ ಬರೆದರು. ಅವರಲ್ಲೂ ತಮ್ಮ ಮೈ ದಪ್ಪ ಕಾಣುತ್ತದೆಂಬ ಕೊರಗು ಇರಲಿಲ್ಲ. ನಿಮ್ಮ ನಾದಿನಿಯನ್ನು ನಾನು ಕಂಡಿಲ್ಲ, ಕಾಯಿಲೆಯ ಹೆಸರು ಇಡುವುದು ವೈದ್ಯರ ಕೆಲಸ. ಆದರೆ 'ಆಕಿ ಸಣ್ಣ ಆಗಬೇಕಂತ ಮಾಡಾಕತ್ತಿಲ್ಲ' ಎಂಬ ಒಂದೇ ಕಾರಣಕ್ಕೆ ಇದು ಕಾಯಿಲೆಯಲ್ಲ ಎಂದು ಯಾರಾದರೂ ಅಂದರೆ ನಂಬಬೇಡಿ.

ಹಾಗಾದರೆ ಭಕ್ತಿ ಸುಳ್ಳೇ? ಅಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ 17ರ ಹುಡುಗಿಯ ಕೈಯಲ್ಲಿ ಬೇರೇನಿತ್ತು? ಹಣವಿಲ್ಲ, ಮಾತು ನಡೆಯುವ ವಯಸ್ಸಲ್ಲ. ತನ್ನದೆಂದು ಇದ್ದದ್ದು ತನ್ನ ತಾಟು ಒಂದೇ. ಅದನ್ನೇ ದೇವರ ಮುಂದಿಟ್ಟಳು. ಆ ಹರಕೆಯ ಬಗ್ಗೆ ನನಗೆ ಗೌರವವಿದೆ, ನಿಮಗೂ ಇರಲಿ. ಅದನ್ನು ಮೂಢನಂಬಿಕೆ ಎಂದು ಬೈದ ದಿನವೇ ಆಕೆ ನಿಮ್ಮೊಡನೆ ಮಾತು ನಿಲ್ಲಿಸುತ್ತಾಳೆ.

ಆದರೆ ವ್ರತಕ್ಕೆ ಒಂದು ಆಕಾರವಿರುತ್ತದೆ. ಸಂಕಲ್ಪವಿದೆ, ದಿನ ಗೊತ್ತಿದೆ, ಏಕಾದಶಿಯ ಮರುದಿನ ಪಾರಣೆಯಿದೆ, ಕೊನೆಗೆ ಉದ್ಯಾಪನೆಯಿದೆ. ಹಿರಿಯರು ರೋಗಿಗೂ ಬಸುರಿಗೂ ರಿಯಾಯಿತಿ ಇಟ್ಟಿದ್ದಾರೆ. ಈಕೆ ಬೇಡಿಕೊಂಡದ್ದು ಸೋಮವಾರದ ಒಪ್ಪತ್ತು. ಗುರುವಾರವನ್ನು ಕೇಳಿದವರು ಯಾರು? ಶನಿವಾರವನ್ನು? ಅಡವಿಸಿದ್ಧೇಶ್ವರ ಕೇಳಲಿಲ್ಲ, ಭಯ ಕೇಳಿತು. ಭಯಕ್ಕೆ ಒಂದು ತುತ್ತು ಬಿಟ್ಟುಕೊಟ್ಟರೆ ನಾಳೆ ಎರಡು ಕೇಳುತ್ತದೆ. ನನ್ನ ಎಣಿಕೆಯಲ್ಲಿ ಹರಕೆ ಎಂದೋ ಮುಗಿದಿದೆ. ಈಗ ನಡೆದಿರುವುದು ಹರಕೆಯ ಉಡುಗೆ ತೊಟ್ಟ ಕಾಯಿಲೆ.

ಹಸಿವೆಯೂ ಮನಸ್ಸನ್ನು ಕೆಡಿಸುತ್ತದೆ. 1945ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಟ್ಟಿಮುಟ್ಟಾದ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟ. ಅವರು ಆತ್ಮಸಾಕ್ಷಿಗೆ ಒಪ್ಪದೆ ಬಂದೂಕು ಹಿಡಿಯಲೊಲ್ಲೆವೆಂದವರು, ಯುದ್ಧದಲ್ಲಿ ಹಸಿದವರಿಗೆ ಉಪಯೋಗವಾಗಲೆಂದು ತಾವಾಗಿ ಬಂದವರು. ನಂಬಿಕೆಯಲ್ಲಿ ಅಂಥ ಗಟ್ಟಿಗರೂ ಕೆಲವೇ ತಿಂಗಳಲ್ಲಿ ಖಿನ್ನರಾದರು, ಚಳಿಗೆ ನಡುಗಿದರು, ಹಗಲಿರುಳು ಊಟದ್ದೇ ಧ್ಯಾನ ಮಾಡಿದರು, ಅಡುಗೆ ಪುಸ್ತಕ ಹಿಡಿದು ಕುಂತರು. ನಿಮ್ಮ ನಾದಿನಿ ಶೇಂಗಾ ಹೋಳಿಗೆ ಮಾಡಿ ಎದುರಿಗೆ ಕುಂತು ತಿನ್ನಿಸುವುದನ್ನು ಓದಿದಾಗ ನನಗೆ ಅವರೇ ನೆನಪಾದರು. ಆಕೆಗೆ ಹಸಿವೆ ಇದೆ ತಂಗೀ, ಬಹಳ ಇದೆ. ಹಸಿದ ಮೆದುಳಿಗೆ ಎಷ್ಟು ಬುದ್ಧಿ ಹೇಳಿದರೂ ಇಳಿಯುವುದಿಲ್ಲ, ಮೊದಲು ಊಟ ಇಳಿಯಬೇಕು.

ಅಡವಿಸಿದ್ಧೇಶ್ವರ ಮಠದ ಹಿರಿಯರು ಆಕೆಯನ್ನು ಕರೆದು 'ಹರಕಿ ಮುಗೀತು ಮಗಳೆ, ಪ್ರಸಾದ ತಗೋ' ಎಂದರೆ ಬಹಳ ಉಪಕಾರವಾಗುತ್ತದೆ. ಶರಣರ ಅಷ್ಟಾವರಣದಲ್ಲಿ ಪ್ರಸಾದವೂ ಒಂದು. ಅನ್ನವನ್ನು ದೂರವಿಡುವುದು ಆ ದಾರಿಯಲ್ಲ. ಅವರಿಗೆ ಮುಂಚೆಯೇ ಎಲ್ಲ ತಿಳಿಸಿ ಉದ್ಯಾಪನೆಗೆ ಒಂದು ದಿನ ಗೊತ್ತು ಮಾಡಿಸಿ. ಅತ್ತೆಯವರಿಗೂ ಅದು ತಲೆ ತಗ್ಗಿಸದೆ ಹಿಂದೆ ಸರಿಯುವ ದಾರಿ. ಮಗಳು ಶರಣಿ ಎಂಬ ಅವರ ಹೆಮ್ಮೆಯ ಹಿಂದೆ ಗಂಡ ಉಳಿದ ಕೃತಜ್ಞತೆ ಇದೆ, ಅದನ್ನು ಕಡೆಗಣಿಸಬೇಡಿ.

ಆದರೆ ಗುರುವಿನ ಮಾತೊಂದೇ ಸಾಲದು ಎಂಬುದಕ್ಕೆ ಹಳೆಯದೊಂದು ಸಾಕ್ಷಿಯಿದೆ. ಇಟಲಿಯ ಸಿಯೆನಾ ಊರಿನ ಕ್ಯಾಥರೀನ್ ಎಂಬ ಸಂತಳಿಗೆ ಗುರುಗಳೇ ಉಣ್ಣೆಂದು ಅಪ್ಪಣೆ ಮಾಡಿದ್ದರು. ಅಷ್ಟು ಹೊತ್ತಿಗೆ ಆಕೆಗೆ ಉಣ್ಣುವುದು ಸಾಧ್ಯವೇ ಉಳಿದಿರಲಿಲ್ಲ. 1380ರಲ್ಲಿ, 33ನೇ ವಯಸ್ಸಿನಲ್ಲಿ ತೀರಿಕೊಂಡಳು. ಅದಕ್ಕೇ ಮಠದ ಜೊತೆ ಮನೋವೈದ್ಯರೂ ಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಆ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಮನೋರೋಗ ಆಸ್ಪತ್ರೆ ಇದೆ. ಹೋಗುವ ಮೊದಲು ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮಾವನವರ ಪಾಲಿನದೂ ಒಂದು ಕೆಲಸವಿದೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. 'ನೀ ಉಂಡ್ರ ನಾ ಗಟ್ಟಿ ಇರ್ತೀನಿ' ಎಂದು ಮಾತ್ರ ಅವರು ಹೇಳಬಾರದು. ಪ್ರೀತಿಯ ಮಾತೇ ಅದು, ಆದರೆ ಅಪ್ಪನ ಜೀವ ತನ್ನ ತಾಟಿನಲ್ಲಿದೆ ಎಂಬ ಆಕೆಯ ನಂಬಿಕೆಯನ್ನೇ ತಿರುವಿ ಹಾಕಿ ಉಳಿಸುತ್ತದೆ. ನಾಳೆ ಅವರಿಗೆ ಒಂದು ಕೆಮ್ಮು ಬಂದರೂ ಆಕೆ ತನ್ನ ತುತ್ತಿನ ಲೆಕ್ಕ ಹಾಕುತ್ತಾಳೆ. ಮುಂದಿನ ತಪಾಸಣೆಗೆ ಮಗಳನ್ನು ಜೊತೆಗೆ ಕರೆದೊಯ್ಯಲಿ. ಮುಚ್ಚಿದ್ದ ರಕ್ತನಾಳ ಯಾವುದು, ಸ್ಟೆಂಟ್ ಎಲ್ಲಿದೆ, ಯಾವ ಗುಳಿಗೆ ಯಾಕೆ ಎಂಬುದನ್ನು ಡಾಕ್ಟರು ಆಕೆಯ ಎದುರೇ ಬಿಡಿಸಿ ಹೇಳಲಿ. ಆಮೇಲೆ ಅಪ್ಪನೇ ಅನ್ನಲಿ: 'ನನ್ನ ಎದಿ ಈ ಗುಳಿಗಿ ಮ್ಯಾಲ ನಡದೈತಿ. ನಿನ್ನ ಉಪಾಸದ ಮ್ಯಾಲಲ್ಲ, ನಿನ್ನ ಊಟದ ಮ್ಯಾಲೂ ಅಲ್ಲ. ನೀ ನಿನ್ನ ಸಲುವಾಗಿ ಉಣ್ಣು.' ಒಮ್ಮೆ ಹೇಳಿದರೆ ಆಕೆ ನಂಬುವುದಿಲ್ಲ. ನೂರು ಸಲ ಹೇಳಬೇಕಾದೀತು.

ಮತ್ತೆ ನಿಮ್ಮ ಅಡುಗೆಮನೆ. ನಮ್ಮ ಕಡೆ ಗಂಡಸರು ಉಂಡು ಏಳುತ್ತಾರೆ, ಅತ್ತೆ ಉಣ್ಣುತ್ತಾರೆ, ಸೊಸೆ ಮಗಳು ಕಡೆಗೆ. ಕಡೆಯವರು ಏನು ಉಂಡರು, ಉಂಡರೋ ಇಲ್ಲವೋ, ಯಾರು ನೋಡುತ್ತಾರೆ? ಆಕೆಯ ಕಾಯಿಲೆ ಇಷ್ಟು ದಿನ ಅಡಗಿ ಕುಂತದ್ದು ಆ ಕಡೆಯ ಪಂಕ್ತಿಯಲ್ಲಿ. ಇಂದಿನಿಂದ ನೀವಿಬ್ಬರೂ ಗೊತ್ತಾದ ಹೊತ್ತಿಗೆ ಎದುರಾಬದುರು ಕುಂತು ಉಣ್ಣಿ. ಬಡಿಸುವವರು ನೀವಾಗಿರಿ. ತುತ್ತು ಎಣಿಸಬೇಡಿ, ಗದರಬೇಡಿ, ಲಗ್ನದ ಸುದ್ದಿ ತೆಗೆಯಬೇಡಿ. ಕಾಲೇಜು, ಬಸ್ಸು, ಏನಾದರೂ ಮಾತಾಡಿ. ಉಂಡ ಮೇಲೆ ಆಕೆಗೆ ತಪ್ಪು ಮಾಡಿದ ಭಾವ ಉಕ್ಕುತ್ತದೆ, ಆ ಅರ್ಧ ತಾಸು ಒಬ್ಬಳನ್ನೇ ಬಿಡಬೇಡಿ. ಕೆನ್ನೆ ಸ್ವಲ್ಪ ತುಂಬಿದಾಗ ಓಣಿಯವರು 'ಮೈ ಹಿಡದಿ ನೋಡು' ಎನ್ನುತ್ತಾರೆ, ಆ ಮಾತನ್ನು ಅಲ್ಲೇ ತಡೆಯಿರಿ. ಗುಣವಾಗಲು ತಿಂಗಳುಗಳಲ್ಲ, ವರ್ಷವೂ ಹಿಡಿದೀತು. ನಡುವೆ ಮತ್ತೆ ಒಂದು ಗುರುವಾರ ಬಂದೀತು.

ಬಾಯಿ ತೆಗೆಯಲು ನಾನು ಯಾರು ಎಂದಿರಿ. 'ಅಪ್ಪಗ ಏನರ ಆದ್ರ' ಎಂಬ ಮಾತನ್ನು ಆಕೆ ಅಮ್ಮನಿಗೆ ಹೇಳಲಿಲ್ಲ, ನಿಮಗೆ ಹೇಳಿದಳು. ಗೋಕಾಕಕ್ಕೆ ಹೋಗುವ ದಿನ ಬಸ್ಸಿನಲ್ಲಿ ಆಕೆಯ ಪಕ್ಕದಲ್ಲಿ ನೀವೇ ಕೂಡಿರಿ. ನಾಡಿ ಎಷ್ಟಿತ್ತು, ರಕ್ತದ ವರದಿಯಲ್ಲಿ ಏನು ಬಂತು, ನನಗೆ ಬರೆಯಿರಿ.