ತರಗತಿಯ ಮುಂದೆ ಮಗುವಿನ ಮಾತು

“ಅವ್ವಾ, ಸೋಮವಾರ ನಾನು ತರಗತಿಯ ಮುಂದೆ ನಿಂತು ಭೇದಿಯ ವಿಷಯ ಮಾತನಾಡಬೇಕಂತೆ. ಆ ದಿನ ನಾನು ಶಾಲೆಗೆ ಹೋಗುವುದಿಲ್ಲ.” ಏಳನೆಯ ತರಗತಿಯಲ್ಲಿ ಓದುವ ಮಗಳು ಹೀಗೆಂದಳೆಂದು ಭಾವಿಸೋಣ. “ಹೋಗಲಿ ಬಿಡು, ಮನೆಯಲ್ಲೇ ಇರು” ಎಂದುಬಿಡುವುದು ಸುಲಭ. ಆದರೆ ಅದರಿಂದ ಅಂಜಿಕೆ ಕಡಿಮೆಯಾಗುವುದಿಲ್ಲ, ಇನ್ನಷ್ಟು ಬೇರೂರುತ್ತದೆ.

ಇದು ಕೇವಲ ಶಾಲೆಗೆ ಸಂಬಂಧಿಸಿದ ಸಂಗತಿಯಲ್ಲ. ನಾಚಿಕೆಯಿಂದ ನೋವನ್ನು ಮುಚ್ಚಿಟ್ಟುಕೊಂಡು, ಕಾಯಿಲೆ ಬಲಿತ ಮೇಲೆ ಆಸ್ಪತ್ರೆಗೆ ಬರುವವರನ್ನು ನಾವೆಲ್ಲರೂ ಕಂಡಿದ್ದೇವೆ. ತನಗೆ ತಿಳಿದುದನ್ನು ನಾಲ್ಕು ಜನರ ಮುಂದೆ ಹೇಳಲು ಕಲಿತ ಮಗುವಿಗೆ, ಮುಂದೆ ವೈದ್ಯರೆದುರು ತನ್ನ ಬೇನೆಯನ್ನು ಹೇಳುವುದು ಕಷ್ಟವಾಗಲಾರದು. ಆದುದರಿಂದ ಈ ಕಲಿಕೆ ಗಂಡುಮಕ್ಕಳಿಗೆ ಎಷ್ಟು ಅವಶ್ಯವೋ ಹೆಣ್ಣುಮಕ್ಕಳಿಗೂ ಅಷ್ಟೇ ಅವಶ್ಯ.

ಅಂಜಿಕೆ ಏಕೆ?

ಹಲವರ ದೃಷ್ಟಿ ತನ್ನ ಮೇಲೆ ಬಿದ್ದಾಗ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಅಪಾಯವನ್ನು ಎದುರಿಸಲು ದೇಹವು ಸಿದ್ಧವಾಗುವ ಸಹಜ ರೀತಿಯಿದು. ರೋಗವಲ್ಲ, ದಡ್ಡತನವೂ ಅಲ್ಲ. ಮಾತು ಆರಂಭವಾದ ಮೇಲೆ ಸಾಮಾನ್ಯವಾಗಿ ಈ ನಡುಕವು ತಾನಾಗಿಯೇ ಇಳಿಯುತ್ತದೆ. ಇದನ್ನು ಮಗುವಿಗೆ ಮೊದಲೇ ತಿಳಿಸಿರಿ.

ಸಿದ್ಧತೆಯ ಕ್ರಮ

1. ಹೇಳಬೇಕಾದ ಮುಖ್ಯ ಮಾತು ಒಂದೇ ಇರಲಿ. ಮೇಲಿನ ಉದಾಹರಣೆಯಲ್ಲಿ ಅದು ಹೀಗಿರಬಹುದು: “ಭೇದಿಯಾದ ಮಗುವಿಗೆ ನೀರು ನಿಲ್ಲಿಸಬಾರದು, ಹೆಚ್ಚಾಗಿ ಕುಡಿಸಬೇಕು.”

2. ಅದಕ್ಕೆ ಆಧಾರವಾಗಿ ಮೂರು ಅಂಶಗಳನ್ನು ಆರಿಸಿಕೊಳ್ಳಲಿ. ಮೊದಲನೆಯದು, ಭೇದಿಯಿಂದ ದೇಹದ ನೀರು ಮತ್ತು ಲವಣ ಹೊರಟುಹೋಗುತ್ತವೆ. ಎರಡನೆಯದು, 1 ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು; 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಬೇಕು. ಎದೆಹಾಲು ನಿಲ್ಲಿಸಬಾರದು. ಮೂರನೆಯದು, ಮಗುವಿನ ಕಣ್ಣು ಗುಳಿಬಿದ್ದರೆ, ಮಂಪರು ಕವಿದರೆ, ಏನನ್ನೂ ಕುಡಿಯಲಾರದಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸಂದೇಹವಿದ್ದಲ್ಲಿ ಮಗುವು ಶಿಕ್ಷಕರನ್ನಾಗಲಿ ಆಶಾ ಕಾರ್ಯಕರ್ತೆಯನ್ನಾಗಲಿ ಕೇಳಿ ತಿಳಿದುಕೊಳ್ಳಲಿ.

3. ಮಾತನ್ನು ಪೂರ್ತಿ ಬರೆದು ಬಾಯಿಪಾಠ ಮಾಡುವುದು ಬೇಡ. ಒಂದು ಪದ ಮರೆತರೂ ಮುಂದಿನದೆಲ್ಲ ತಪ್ಪಿಹೋಗುವ ಸಂಭವವುಂಟು. ಒಂದು ಚೀಟಿಯಲ್ಲಿ “ನೀರು – ಪೊಟ್ಟಣ – ಆಸ್ಪತ್ರೆ” ಎಂದು ಗುರುತು ಹಾಕಿಕೊಂಡು, ತನ್ನ ಮಾತಿನಲ್ಲಿಯೇ ಹೇಳಲಿ.

4. ತೋರಿಸಲು ಒಂದು ವಸ್ತುವಿರಲಿ. ಒಂದು ಪೊಟ್ಟಣ, ಒಂದು ಲೀಟರ್ ಹಿಡಿಸುವ ಪಾತ್ರೆ, ಒಂದು ಚಮಚ ಸಾಕು. ಕೈಗೆ ಕೆಲಸ ದೊರೆತರೆ ನಡುಕವೂ ತಗ್ಗುತ್ತದೆ, ನೋಡುವವರಿಗೂ ವಿಷಯ ನೆನಪಿನಲ್ಲಿ ಉಳಿಯುತ್ತದೆ.

5. ಗಟ್ಟಿಯಾಗಿ ಅಭ್ಯಾಸ ಮಾಡಲಿ: ಮೊದಲು ಒಬ್ಬಳೇ, ಆಮೇಲೆ ತಮ್ಮತಂಗಿಯರೆದುರು, ಕೊನೆಗೆ ತಾಯಿತಂದೆಯರೆದುರು. ಕೊಟ್ಟ ಅವಧಿ ಐದು ನಿಮಿಷವಾದರೆ ಗಡಿಯಾರವನ್ನು ನೋಡಿಕೊಳ್ಳಿರಿ.

ತಾಯಿತಂದೆಯರ ಕರ್ತವ್ಯ

ಮಗಳಿಗೆ ಸಂಜೆ ಅರ್ಧ ಗಂಟೆ ಮನೆಗೆಲಸದಿಂದ ಬಿಡುವು ಕೊಡಿರಿ. ಆಕೆ ಮಾತನಾಡುವಾಗ ಇಬ್ಬರೂ ಕುಳಿತು ಕೇಳಿರಿ. ನಡುವೆ ತಡೆಯಬೇಡಿರಿ, ನಗಬೇಡಿರಿ, ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಬೇಡಿರಿ. ಮಾತು ತೊದಲಿದರೆ ನೀವೇ ವಾಕ್ಯವನ್ನು ಮುಗಿಸಿಕೊಡದೆ ತಾಳ್ಮೆಯಿಂದ ಕಾಯಿರಿ. ಮುಗಿದ ಮೇಲೆ ಚೆನ್ನಾಗಿದ್ದುದೊಂದನ್ನು ಮೊದಲು ಹೇಳಿ, ಅನಂತರ ತಿದ್ದಬೇಕಾದುದೊಂದನ್ನು ತಿಳಿಸಿರಿ. ತಾವು ಓದಿಲ್ಲವೆಂದು ಹಿಂಜರಿಯಬೇಕಾದುದಿಲ್ಲ. “ನನಗೆ ಇದು ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳವ್ವ” ಎಂಬ ತಂದೆಯ ಒಂದು ಮಾತೇ ಉತ್ತಮ ಪಾಠ.

ಮಾತನಾಡುವ ದಿನ

ಮಗು ಹಸಿದ ಹೊಟ್ಟೆಯಲ್ಲಿ ಹೋಗದಿರಲಿ. ತರಗತಿಯ ಮುಂದೆ ಎರಡೂ ಕಾಲುಗಳನ್ನು ನೆಲಕ್ಕೂರಿ ನಿಂತು, ಒಮ್ಮೆ ನಿಧಾನವಾಗಿ ಉಸಿರೆಳೆದು ಬಿಟ್ಟು, ಕೊನೆಯ ಸಾಲಿನವರಿಗೂ ಕೇಳುವಂತೆ ಮಾತನ್ನು ಆರಂಭಿಸಲಿ. ಮರೆತರೆ ಗಾಬರಿಯಾಗದೆ ಚೀಟಿಯನ್ನು ನೋಡಲಿ; ಕ್ಷಣಕಾಲದ ಮೌನದಿಂದ ಯಾವ ನಷ್ಟವೂ ಇಲ್ಲ. ಗೊತ್ತಿಲ್ಲದ ಪ್ರಶ್ನೆಗೆ “ತಿಳಿದುಕೊಂಡು ಹೇಳುತ್ತೇನೆ” ಎಂದರೆ ಅವಮಾನವಿಲ್ಲ.

ಆ ತರಗತಿಯಲ್ಲಿ ಕುಳಿತು ಕೇಳಿದ ಮಕ್ಕಳು ಸಂಜೆ ತಮ್ಮ ತಮ್ಮ ಮನೆಗಳಿಗೆ ಹಿಂದಿರುಗುತ್ತಾರೆ. ಅವುಗಳಲ್ಲಿ ಒಂದು ಮನೆಯಲ್ಲಿ ಭೇದಿಯಾದ ಕೂಸಿಗೆ ನೀರು ಕೊಡಬಾರದೆಂದು ತಡೆದಿರಬಹುದು. ನಿಮ್ಮ ಮಗಳ ಐದು ನಿಮಿಷದ ಮಾತು ಆ ಕೂಸಿಗೆ ಸಮಯಕ್ಕೆ ಸರಿಯಾಗಿ ತಲುಪೀತು.

ದಂಪತಿಗಳು ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮಗುವಿನ ಮಾತನ್ನು ನಾವಿಬ್ಬರೂ ಕೊನೆಯವರೆಗೆ ಕೇಳಿದ್ದು ಯಾವಾಗ?
2. ಮನೆಯಲ್ಲಿ ಮಗನಿಗೆ ಇರುವಷ್ಟು ಮಾತಿನ ಅವಕಾಶ ಮಗಳಿಗೂ ಇದೆಯೇ?
3. ಮುಂದಿನ ವಾರ ಮಗು ಶಾಲೆಯಲ್ಲಿ ಕಲಿತ ಯಾವ ವಿಷಯವನ್ನು ನಮಗೆ ಹೇಳಿಕೊಡಬಹುದು?