ಗೊಂಬೆ ಲೇತಿನ ಎತ್ತರ ಎಷ್ಟಿರಬೇಕು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ರಾಗಿ, ರೇಷ್ಮೆಗಳ ಜೊತೆಗೆ ಮರಗೆಲಸವೂ ಒಂದು ಕಸುಬು. ಅದರಲ್ಲೂ ಆಲೆ ಮರವನ್ನು ಲೇತಿನಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಚನ್ನಪಟ್ಟಣದ ಗೊಂಬೆಗಳು ಹೆಸರಾದವು. ಎತ್ತಿನ ಎತ್ತರ ನೋಡಿ ನೇಗಿಲು ಹೂಡುವ ರೈತರು ಲೇತನ್ನು ಮಾತ್ರ ಕೂರಿಸಿದ ಎತ್ತರದಲ್ಲೇ ಬಿಡುವುದುಂಟು. ಯಂತ್ರಕ್ಕೆ ಆಳು ಬಗ್ಗುವುದಲ್ಲ, ಆಳಿಗೆ ಯಂತ್ರ ಹೊಂದಬೇಕು.

ಎತ್ತರ ತಪ್ಪಿದರೆ ಆಗುವ ತೊಂದರೆ

ಲೇತು ತಗ್ಗಾಗಿದ್ದರೆ ದಿನವಿಡೀ ಬಗ್ಗಿ ನಿಂತು ಸೊಂಟ, ಕತ್ತು ನೋಯುತ್ತವೆ. ಮುಖ, ಜಡೆ, ಸೆರಗು ತಿರುಗುವ ಮರಕ್ಕೆ ಹತ್ತಿರವಾಗುತ್ತವೆ. ಎತ್ತರ ಹೆಚ್ಚಾದರೆ ಭುಜ ಮೇಲೆತ್ತಿ ದುಡಿಯಬೇಕಾಗುತ್ತದೆ. ಕೈ ಬೇಗ ಸೋತು ಉಳಿಯ ಹಿಡಿತ ಸಡಿಲುತ್ತದೆ. ಉಳಿ ಮರಕ್ಕೆ ಸಿಕ್ಕಿ ಎಗರುತ್ತದೆ. ಅರಗಿನ ಕಡ್ಡಿಯನ್ನು ಸಮನಾಗಿ ಒತ್ತಲಾಗದೆ ಬಣ್ಣವೂ ಪಟ್ಟೆಪಟ್ಟೆಯಾಗುತ್ತದೆ.

ಅಳತೆ ಮಾಡುವ ಕ್ರಮ

ನಿಂತು ಕೆಲಸ ಮಾಡುವವರು ಕೆಲಸದ ವೇಳೆ ಹಾಕುವ ಚಪ್ಪಲಿ ಮೆಟ್ಟಿಯೇ ನೆಟ್ಟಗೆ ನಿಲ್ಲಬೇಕು. ತೋಳನ್ನು ಇಳಿಬಿಟ್ಟು ಮೊಣಕೈಯನ್ನು ಕಾಟಕೋನಕ್ಕೆ ಮಡಿಸಬೇಕು. ನೆಲದಿಂದ ಮೊಣಕೈವರೆಗೆ ಇನ್ನೊಬ್ಬರಿಂದ ಅಳತೆ ತೆಗೆಸಿ. ಮರ ತಿರುಗುವ ಮಧ್ಯಗೆರೆ ಸುಮಾರು ಇದೇ ಎತ್ತರದಲ್ಲಿರಲಿ. ಒಂದು ದಿನ ಕೆಲಸ ಮಾಡಿ ನೋಡಿ, ಬೇಕಾದರೆ ಒಂದೆರಡು ಬೆರಳಿನಷ್ಟು ಏರಿಳಿಸಬಹುದು.

ಹೊಂದಿಸುವ ಕ್ರಮ

1. ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿ.

2. ಎತ್ತರಿಸಲು ಗಟ್ಟಿ ಮರದ ದಿಮ್ಮಿ ಅಥವಾ ಕಾಂಕ್ರೀಟ್ ಕಟ್ಟೆ ಬಳಸಿ, ಬೋಲ್ಟಿನಿಂದ ಬಿಗಿಯಿರಿ. ಬಿಡಿ ಇಟ್ಟಿಗೆ, ಕಲ್ಲು ಇಡಬೇಡಿ, ಅದುರಿಗೆ ಜಾರುತ್ತವೆ.

3. ಮೋಟಾರು ಬೇರೆಯಾಗಿ ಕೂತಿದ್ದರೆ ಬೆಲ್ಟಿನ ಬಿಗಿ ಮತ್ತು ನೇರವನ್ನು ಮತ್ತೆ ಸರಿಪಡಿಸಿ ಮುಚ್ಚಳ ಹಾಕಿ.

4. ಒಂದೇ ಲೇತಿನಲ್ಲಿ ಇಬ್ಬರು ದುಡಿಯುವುದಾದರೆ ಎತ್ತರದವರಿಗೆ ಹೊಂದಿಸಿ, ಗಿಡ್ಡಗಿರುವವರಿಗೆ ಹಲಗೆ ಕೊಡಿ. ಒಬ್ಬರ ಮೊಣಕೈ 106 ಸೆಂ. ಮೀ., ಇನ್ನೊಬ್ಬರದು 96 ಸೆಂ. ಮೀ. ಇದ್ದರೆ ಹಲಗೆ 10 ಸೆಂ. ಮೀ. ಎತ್ತರವಿರಬೇಕು. ಹೆಜ್ಜೆ ಸರಿಸಿದರೂ ಕಾಲು ಅಂಚಿಗೆ ಹೋಗದಷ್ಟು ಅಗಲವಿರಲಿ, ಅಲುಗಾಡಬಾರದು.

5. ಉಳಿಗೆ ಆಸರೆ ಕೊಡುವ ಪಟ್ಟಿಯನ್ನು ಮಧ್ಯಗೆರೆಗಿಂತ ಉಳಿಯ ದಪ್ಪದಷ್ಟು ಕೆಳಗೆ, ಮರಕ್ಕೆ ತಾಗದಂತೆ ಸಮೀಪದಲ್ಲಿ ಬಿಗಿಯಿರಿ. ಮರ ಸಣ್ಣದಾದಂತೆ ಯಂತ್ರ ನಿಲ್ಲಿಸಿಯೇ ಪಟ್ಟಿಯನ್ನು ಹತ್ತಿರ ತನ್ನಿ.

6. ಮರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗದೆಂದು ಖಚಿತಪಡಿಸಿಕೊಂಡು ಸ್ವಿಚ್ ಹಾಕಿ.

ನೆನಪಿಡಬೇಕಾದ ಅಂಶಗಳು

ತಾಳೆಗರಿಯಿಂದ ಹೊಳಪು ಕೊಡುವಾಗ ಆಸರೆ ಪಟ್ಟಿಯನ್ನು ದೂರ ಸರಿಸಿ. ಇಲ್ಲವಾದರೆ ಬೆರಳು ನಡುವೆ ಸಿಕ್ಕೀತು. ಗರಿಯನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ಕೈಚೀಲ, ಸಡಿಲ ತೋಳಿನ ಅಂಗಿ, ಬಳೆ ಬೇಡ. ಸೆರಗನ್ನು ಸಿಕ್ಕಿಸಿ, ಜಡೆಯನ್ನು ಮೇಲಕ್ಕೆ ಕಟ್ಟಿಕೊಳ್ಳಿ. ಕಣ್ಣಿಗೆ ಕನ್ನಡಕವಿರಲಿ. ತಿರುಗುವ ಮರದ ಮೇಲೆ ಕೈ ಚಾಚದೆ ಸ್ವಿಚ್ ಎಟುಕುವಂತಿರಬೇಕು.

ವಿಸ್ತರಣಾ ಕಾರ್ಯಕರ್ತರು ಗ್ರಾಮಗಳಿಗೆ ಹೋದಾಗ ಒಂದು ಅಳತೆ ಪಟ್ಟಿ ಜೊತೆಗೊಯ್ದು, ಲೇತಿನಲ್ಲಿ ದುಡಿಯುವ ಪ್ರತಿಯೊಬ್ಬರ ಮೊಣಕೈ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ ಕೊಡಬಹುದು. ಇದಕ್ಕೆ ಖರ್ಚು ಅಲ್ಪ. ಉಳಿಯುವುದು ದುಡಿಯುವವರ ಬೆನ್ನು ಮತ್ತು ಬೆರಳು.