ಒಂದು ಹನಿ ಸಾಕು, ಒಂದು ದಿನ ತಪ್ಪಿಸಬೇಡಿ

ನವಲಗುಂದ ತಾಲ್ಲೂಕಿನ ಮೊರಬದಲ್ಲಿರುವ ನನ್ನ ಸೋದರಮಾವನಿಗೆ ಗ್ಲಾಕೋಮಾ. ರಾತ್ರಿ ಊಟ ಮುಗಿಸಿ ಕಟ್ಟೆಗೆ ಬಂದು ಕೂತರೆಂದರೆ ಕಣ್ಣಿಗೆ ಔಷಧ ಹಾಕಿಕೊಳ್ಳುವ ಕೆಲಸ ಶುರು. ತಲೆ ಹಿಂದಕ್ಕೆ ಚೆಲ್ಲಿ, ಬಾಟಲಿಯ ಮೂತಿಯನ್ನು ರೆಪ್ಪೆಗೆ ಆನಿಸಿ, ಮೂರ್ನಾಲ್ಕು ಸಲ ಹಿಂಡುವುದು. ಕೆನ್ನೆಯಿಂದ ಮೀಸೆಗೆ ಇಳಿದದ್ದನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸುವುದು. ಆಮೇಲೆ ಪಟಪಟ ರೆಪ್ಪೆ ಬಡಿಯುವುದು. ‘ಮಾಮಾ, ಒಂದ ಹನಿ ಸಾಕು’ ಅಂದರೆ, ‘ಒಂದ ಹನಿ ಎಲ್ಲಿ ಸಾಲತೈತೋ ಅಳಿಯಾ, ಕಣ್ಣ ತೋಯಬೇಕಲ್ಲ’ ಎಂಬ ಉತ್ತರ. ತಿಂಗಳು ಬರಬೇಕಾದ ಬಾಟಲಿ ಹದಿನೈದು ದಿನಕ್ಕೆ ಖಾಲಿ. ಮುಂದಿನ ಹದಿನೈದು ದಿನ ಔಷಧವೇ ಇಲ್ಲ, ಯಾಕೆಂದರೆ ಕಣ್ಣು ‘ಆರಾಮ ಐತಿ’. ಎಂಟು ತಿಂಗಳ ನಂತರ ಹುಬ್ಬಳ್ಳಿಯಲ್ಲಿ ತೋರಿಸಿದಾಗ ಕಣ್ಣಿನ ಒತ್ತಡ 28. ಬಲಗಣ್ಣಿನ ಅಂಚಿನ ನೋಟ ಅಷ್ಟರಲ್ಲಿ ಹೋಗಿಯಾಗಿತ್ತು.

ಈ ರೋಗವನ್ನು ತಪ್ಪು ತಿಳಿದವರು ಅವರೊಬ್ಬರೇ ಅಲ್ಲ. ‘ಗ್ಲಾಕೋಮಾ ಆಪರೇಶನ್ ಆಗಿ ತಿಂಗಳಾಯಿತು, ಇನ್ನೂ ಕಣ್ಣು ಬಂದಿಲ್ಲ, ಡಾಕ್ಟರು ಕೆಡಿಸಿದರೇ?’ ಎಂದು ಕೇಳುವ ಓದುಗರೂ ಇದ್ದಾರೆ. ನಮ್ಮ ಭಾಗದವರಿಗೆ ಕಣ್ಣಿನ ರೋಗ ಅಂದರೆ ಪೊರೆ, ಅಂದರೆ ಮೋತಿಬಿಂದು. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಶಿಬಿರ ಒಯ್ದು, ಬಡವರನ್ನು ಸಾಲಾಗಿ ಮಲಗಿಸಿ ಪೊರೆ ತೆಗೆದ ಕಾಲವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆ ಶಿಬಿರಗಳ ಪುಣ್ಯ ದೊಡ್ಡದು. ಆದರೆ ಒಂದು ಸಲ ಮಲಗಿದರೆ, ಪಟ್ಟಿ ಬಿಚ್ಚಿದರೆ ಕಣ್ಣು ಕಾಣುತ್ತದೆ ಎಂಬ ನಂಬಿಕೆಯೂ ಅಲ್ಲಿಂದಲೇ ಬೇರೂರಿತು. ಪೊರೆಗೆ ಅದು ನಿಜ. ಗ್ಲಾಕೋಮಾಕ್ಕೆ ಸುಳ್ಳು.

ರೋಗದ ಬಗ್ಗೆ ನಾಲ್ಕು ಸಾಲು ಸಾಕು. ಕಣ್ಣಿನೊಳಗೆ ಸದಾ ನೀರು ಹುಟ್ಟುತ್ತದೆ, ಸದಾ ಹೊರಗೆ ಹರಿಯುತ್ತದೆ. ಒಡ್ಡಿನ ಕೋಡಿಗೆ ಕಸ ಕಟ್ಟಿದರೆ ಹೊಲದಲ್ಲಿ ನೀರು ನಿಲ್ಲುವುದಿಲ್ಲವೇ, ಹಾಗೆ ಹೊರದಾರಿ ಕಟ್ಟಿದರೆ ಒತ್ತಡ ಏರುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿ.ಮೀ. ಪಾದರಸ. ಏರಿದ ಒತ್ತಡ ಹಿಂದಿನ ನರವನ್ನು ಎಳೆ ಎಳೆಯಾಗಿ ಸಾಯಿಸುತ್ತದೆ, ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ಹನಿಯಾಗಲಿ, ಲೇಸರ್ ಆಗಲಿ, ಕತ್ತರಿಯಾಗಲಿ ಮಾಡುವುದು ಒಂದೇ ಕೆಲಸ: ಒತ್ತಡ ಇಳಿಸಿ ಉಳಿದದ್ದನ್ನು ಕಾಯುವುದು.

ತಪಾಸಣೆ

ಬಹುಪಾಲು ಗ್ಲಾಕೋಮಾದಲ್ಲಿ ನೋವಿಲ್ಲ, ಕೆಂಪಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ತಾಗುವುದು, ಪಕ್ಕದಿಂದ ಬಂದ ಬೈಕು ಕಾಣದಿರುವುದು ಶುರುವಾಗುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ 40 ದಾಟಿದವರು, ಅದರಲ್ಲೂ ಅಪ್ಪ, ಅವ್ವ, ಒಡಹುಟ್ಟಿದವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು, ಕಾಣುತ್ತಿದೆಯೆಂದು ಕೂರದೆ ತೋರಿಸಬೇಕು. ಮೊದಲು ನವಲಗುಂದದ ತಾಲ್ಲೂಕು ಆಸ್ಪತ್ರೆ. ಮುಂದಿನ ಪರೀಕ್ಷೆ ಬೇಕಾದರೆ ಧಾರವಾಡದ ಜಿಲ್ಲಾ ಆಸ್ಪತ್ರೆ, ಇಲ್ಲವೇ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ).

ಕನ್ನಡಕದ ನಂಬರ್ ನೋಡಿಸಿಕೊಂಡು ಬಂದರೆ ಗ್ಲಾಕೋಮಾ ಪರೀಕ್ಷೆ ಆದಂತಲ್ಲ. ಒತ್ತಡ ಅಳೆಯಬೇಕು, ಹಿಂದಿನ ನರ ನೋಡಬೇಕು, ಸಂಶಯವಿದ್ದರೆ ‘ಫೀಲ್ಡ್’ ಪರೀಕ್ಷೆ ಮಾಡಬೇಕು. ಡಬ್ಬಿಯೊಳಗೆ ಮುಖವಿಟ್ಟು ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ ಅದು. ಮೊದಲ ಸಲ ಎಲ್ಲರೂ ಗಡಿಬಿಡಿ ಮಾಡುತ್ತಾರೆ, ಎರಡನೇ ಸಲದ್ದು ಹೆಚ್ಚು ನಂಬಿಕೆಗೆ ಅರ್ಹ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲ ತಾಸು ಮಂಜು ಮಂಜಾಗುತ್ತದೆ. ಬೈಕ್ ಓಡಿಸಿಕೊಂಡು ಒಬ್ಬರೇ ಹೋಗಬೇಡಿ.

ಇನ್ನೊಂದು ಬಗೆ ಹಠಾತ್ತನೆ ಬರುತ್ತದೆ. ಕಣ್ಣು ಕೆಂಪು, ತಲೆ ಒಡೆಯುವ ನೋವು, ವಾಂತಿ, ಬಲ್ಬಿನ ಸುತ್ತ ಕಾಮನಬಿಲ್ಲಿನಂಥ ಬಳೆ. ವಾಂತಿ ನೋಡಿ ಪಿತ್ತ ಅಂದುಕೊಂಡು ಊರಲ್ಲೇ ಸೂಜಿ ಮಾಡಿಸಿಕೊಂಡು ಮಲಗಿದರೆ ಬೆಳಗಿನ ಹೊತ್ತಿಗೆ ಕಣ್ಣೇ ಹೋಗಿರಬಹುದು. ರಾತ್ರಿಯಾದರೂ ಗಾಡಿ ಮಾಡಿಕೊಂಡು ಹೊರಡಿ.

ಹನಿ ಹಾಕುವ ಬಗೆ

ನನ್ನ ತಕರಾರು ಇರುವುದೇ ಇಲ್ಲಿ. ಎರಡು ಪುಟ ಚೀಟಿ ಬರೆಯುವ ಡಾಕ್ಟರು ಹನಿ ಹಾಕುವುದನ್ನು ಎರಡು ನಿಮಿಷ ತೋರಿಸಿಕೊಡುವುದಿಲ್ಲ, ರೋಗಿಯೂ ಕೇಳುವುದಿಲ್ಲ.

ಕೈ ತೊಳೆದುಕೊಳ್ಳಿ. ಕೂತು ಹಾಕಿಕೊಳ್ಳುವುದು ಕಷ್ಟವಾದರೆ ಮಲಗಿಬಿಡಿ. ಕೆಳರೆಪ್ಪೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಕೆಳಗೆಳೆದರೆ ಸಣ್ಣ ಜೇಬಿನಂತಾಗುತ್ತದೆ. ನೋಟ ಮೇಲೆ, ಬಾಟಲಿ ಒಂದು ಬೆರಳಿನಷ್ಟು ಎತ್ತರದಲ್ಲಿ. ಮೂತಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಕೂಡದು, ತಾಗಿದರೆ ಕೀವಿನ ಸೋಂಕು ಬಾಟಲಿಯೊಳಗೇ ಮನೆ ಮಾಡುತ್ತದೆ. ಕೈ ನಡುಗುವವರು ಬಾಟಲಿ ಹಿಡಿದ ಕೈಯನ್ನು ಹಣೆಗೆ ಆನಿಸಿಕೊಳ್ಳಿ. ಆ ಜೇಬಿಗೆ ಒಂದು ಹನಿ. ಅಷ್ಟೇ. ಔಷಧದ ಒಂದು ಹನಿಯನ್ನೇ ಕಣ್ಣು ಪೂರ್ತಿ ಹಿಡಿದಿಡಲಾರದು, ಎರಡನೆಯದು ಇಡಿಯಾಗಿ ಕೆನ್ನೆಗೇ. ಹನಿ ಬಿದ್ದದ್ದು ಗೊತ್ತಾಗುವುದಿಲ್ಲ ಎನ್ನುವವರು, ಚೀಟಿಯಲ್ಲಿ ಬೇಡವೆಂದಿಲ್ಲದಿದ್ದರೆ, ಬಾಟಲಿಯನ್ನು ತಂಪಾದ ಕಡೆ ಇಟ್ಟು ನೋಡಿ. ತಣ್ಣಗೆ ತಾಗಿದರೆ ಬಿತ್ತೆಂದೇ ಲೆಕ್ಕ.

ಹನಿ ಬಿದ್ದ ಮೇಲೆ ರೆಪ್ಪೆ ಬಡಿಯಬೇಡಿ, ಕಣ್ಣು ಹಿಂಡಬೇಡಿ. ಸುಮ್ಮನೆ ಮುಚ್ಚಿ, ಮೂಗಿನ ಪಕ್ಕ ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಈ ಎರಡು ನಿಮಿಷ ಯಾರೂ ಕೊಡುವುದಿಲ್ಲ. ಆ ಮೂಲೆಯಲ್ಲಿ ಮೂಗಿಗೆ ಇಳಿಯುವ ಕಾಲುವೆ ಇದೆ. ಔಷಧ ಹಾಕಿದ ಮೇಲೆ ಗಂಟಲಲ್ಲಿ ಕಹಿಯಾದರೆ ಅದು ಆ ದಾರಿ ಹಿಡಿದಿದೆ ಎಂದರ್ಥ. ಕಣ್ಣಿಗೆ ಕಡಿಮೆ ಸಿಕ್ಕಿತು ಅನ್ನುವುದಷ್ಟೇ ಅಲ್ಲ, ರಕ್ತಕ್ಕೆ ಸೇರಿತು ಅನ್ನುವುದೂ ಹೌದು. ಟಿಮೊಲಾಲ್ ಎಂಬ ಅಗ್ಗದ, ಒಳ್ಳೆಯ ಹನಿ ಹೀಗೆ ಒಳಗಿಳಿದರೆ ದಮ್ಮಿನ ರೋಗಿಗೆ ಉಸಿರು ಕಟ್ಟಿಸಬಲ್ಲದು, ನಾಡಿ ಬಡಿತ ನಿಧಾನ ಮಾಡಬಲ್ಲದು. ದಮ್ಮು, ಹೃದಯದ ತೊಂದರೆ ಇದ್ದವರು ಕಣ್ಣಿನ ಡಾಕ್ಟರಿಗೆ ತಾವಾಗಿಯೇ ಹೇಳಬೇಕು. ಕಣ್ಣಿಗೂ ಎದೆಗೂ ಏನು ಸಂಬಂಧ ಎಂದು ಸುಮ್ಮನಾಗಬೇಡಿ.

ಎರಡು ಬಾಟಲಿ ಬರೆದಿದ್ದರೆ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಕೊಂಡು ಹೋಗುತ್ತದೆ. ಬಾಟಲಿ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ವಾರ ದಾಟಿದರೆ ಉಳಿದಿದ್ದರೂ ಎಸೆಯಿರಿ. ಲಟಾನೊಪ್ರಾಸ್ಟ್ ಹನಿಯನ್ನು, ಅದು ರಾತ್ರಿ ಒಮ್ಮೆ ಹಾಕುವಂಥದ್ದು, ಒಡೆಯುವ ಮುನ್ನ ಫ್ರಿಜ್ಜಿನಲ್ಲಿಡಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಹಾಗೇ ಇಡಬೇಕು, ಐಸಿನ ಖಾನೆಯಲ್ಲಿ ಮಾತ್ರ ಬೇಡ. ಒಡೆದ ಮೇಲೆ ಬೇಸಿಗೆಯ ಬಿಸಿಲು ಬೀಳುವ ಕಿಟಕಿಯಲ್ಲಿಡುವುದಕ್ಕಿಂತ ನೀರಿನ ಹರವಿಯ ಪಕ್ಕದ ನೆರಳು ಮೇಲು. ಈ ಹನಿಯಿಂದ ರೆಪ್ಪೆಗೂದಲು ಉದ್ದ ಬೆಳೆಯುತ್ತದೆ, ಕಣ್ಣಿನ ಸುತ್ತ ಕಪ್ಪಾಗುತ್ತದೆ. ಹೆದರಿ ಬಿಡಬೇಡಿ.

ಬಿಡುವುದರ ಬಗ್ಗೆ ಇನ್ನೊಂದು ಮಾತು. ಗ್ಲಾಕೋಮಾದ ಹನಿ ಬಿಪಿ ಮಾತ್ರೆಯ ಹಾಗೆ. ಹಾಕಿದ ದಿನ ಕೆಲಸ ಮಾಡುತ್ತದೆ, ಬಿಟ್ಟ ದಿನ ಇಲ್ಲ. ಹಾಕಿದರೂ ಕಣ್ಣಿಗೆ ಏನೂ ಹೆಚ್ಚು ಕಾಣುವುದಿಲ್ಲ, ಬಿಟ್ಟರೂ ತಕ್ಷಣ ಏನೂ ಕಡಿಮೆಯಾಗುವುದಿಲ್ಲ. ಮೋಸ ಇರುವುದು ಅಲ್ಲೇ. ಡಾಕ್ಟರ ಹತ್ತಿರ ಹೋಗುವ ದಿನ ಹನಿ ಹಾಕದೆ ಹೋಗುವವರಿದ್ದಾರೆ, ಅದೂ ತಪ್ಪು. ಔಷಧ ನಾಟುತ್ತಿದೆಯೇ ಎಂದು ಅವರು ನೋಡುವುದು ಹೇಗೆ? ಖರ್ಚಿನ ಮಾತಾದರೆ, ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ. ಬಾಟಲಿಯಲ್ಲಿ ಇನ್ನೂ ವಾರದ ಔಷಧ ಇರುವಾಗಲೇ ಮುಂದಿನದು ಮನೆಯಲ್ಲಿರಲಿ.

ನಮ್ಮ ಮಾಮಾನ ಹನಿ ಈಗ ಅತ್ತಿಯ ಜವಾಬ್ದಾರಿ. ಊಟದ ತಾಟು ಎತ್ತಿದ ಕೂಡಲೇ ಹೊರಸಿನ ಮೇಲೆ ಮಲಗಿಸಿ ಒಂದೇ ಹನಿ ಹಾಕುತ್ತಾರೆ. ಬಾಟಲಿ ತಿಂಗಳು ಬರುತ್ತಿದೆ.

ಹನಿಯೇ ರೋಗ ತಂದಾಗ

ಹೆಸರಿನ ರಾಶಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಕಣ್ಣು ಕೆಂಪಾಗಿ ತುರಿಸುತ್ತದೆ. ‘ಕೆಂಪ ಹೋಗೋ ಡ್ರಾಪ್ಸ್ ಕೊಡ್ರಿ’ ಎಂದರೆ ಔಷಧ ಅಂಗಡಿಯವರು ಚೀಟಿ ಕೇಳದೆ ಒಂದು ಬಾಟಲಿ ತೆಗೆದುಕೊಡುತ್ತಾರೆ. ಎರಡು ದಿನದಲ್ಲಿ ಕಣ್ಣು ಸ್ವಚ್ಛ, ಹಾಗಾಗಿ ಮುಂದಿನ ಸಲವೂ ಅದೇ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಕೆಲವರಲ್ಲಿ ಕೆಲವೇ ವಾರಗಳಲ್ಲಿ ಕಣ್ಣಿನ ಒತ್ತಡ ಏರಿಸುತ್ತದೆ, ಮಕ್ಕಳಲ್ಲೂ ಸಹ. ಗೋವಿನಜೋಳದ ಗರಿ, ಕಡಲೆ ಹೊಟ್ಟು ಕಣ್ಣಿಗೆ ಬಡಿದು ಬೂಷ್ಟಿನ ಹುಣ್ಣಾಗಿದ್ದರಂತೂ ಈ ಹನಿ ಉರಿಯುವ ಬಣವೆಗೆ ಗಾಳಿ ಹಾಕಿದಂತೆ. ಶಸ್ತ್ರಚಿಕಿತ್ಸೆಯ ನಂತರ ಡಾಕ್ಟರೇ ಇದನ್ನು ಬರೆದುಕೊಡುವುದು ಬೇರೆ ಮಾತು. ಅಕ್ಕನಿಗೆ ಉಳಿದ ಬಾಟಲಿಯನ್ನು ತಮ್ಮನಿಗೆ ಹಾಕುವುದು ನಿಲ್ಲಬೇಕು.

ಲೇಸರ್, ಶಸ್ತ್ರಚಿಕಿತ್ಸೆ

ಹಠಾತ್ತನೆ ಬರುವ ಬಗೆಯಲ್ಲಿ ಪಾಪೆಯ ಪರದೆಗೆ ಲೇಸರಿನಿಂದ ಸಣ್ಣ ರಂಧ್ರ ಮಾಡುತ್ತಾರೆ. ಚೆನ್ನಾಗಿರುವ ಇನ್ನೊಂದು ಕಣ್ಣಿಗೂ ಮಾಡುತ್ತಾರೆ, ಬೇಡ ಅನ್ನಬೇಡಿ. ನಿಧಾನದ ಬಗೆಯಲ್ಲಿ ಹನಿ ಸಾಲದಾದಾಗ ಟ್ರಾಬೆಕ್ಯುಲೆಕ್ಟಮಿ. ಕಣ್ಣಿನ ಬಿಳಿಭಾಗದಲ್ಲಿ ಮುಚ್ಚಳದಂಥ ಸಣ್ಣ ಬಾಗಿಲು ಮಾಡಿ ನೀರಿಗೆ ಹೊಸ ಕೋಡಿ ಕೊಡುತ್ತಾರೆ. ಈ ವಿಧಾನ ಜಗತ್ತಿಗೆ ಪರಿಚಯವಾದದ್ದೂ ಡಾ. ಮೋದಿಯವರಿಗೆ ಪದ್ಮಭೂಷಣ ಬಂದ 1968ರಲ್ಲೇ. ಆ ಕೋಡಿಯೂ ಕಟ್ಟಿದವರಿಗೆ ಸಣ್ಣ ಕೊಳವೆ ಕೂರಿಸುವುದಿದೆ. ಮದುರೈನ ಅರೋಲ್ಯಾಬ್ ತಯಾರಿಸುವ ಕೊಳವೆ ಬಂದ ಮೇಲೆ ಖರ್ಚು ಇಳಿದಿದೆ.

ಗಾಯ ಮಾಯುವಾಗ ಕೋಡಿಯೇ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವುದು ಮೊದಲ ವಾರಗಳ ಕೆಲಸ. ಹಾಗಾಗಿ ಕರೆದ ದಿನ ಹೋಗಲೇಬೇಕು. ಅವಸರವಿಲ್ಲ ಎಂದು ಡಾಕ್ಟರು ಹೇಳಿದರೆ ಮಾತ್ರ ಸುಗ್ಗಿ ಮುಗಿಸಿ ತಾರೀಖು ತೆಗೆದುಕೊಳ್ಳಿ. ಭಾರ ಎತ್ತುವುದು, ಬಗ್ಗಿ ಕಸ ತೆಗೆಯುವುದು, ಕಣ್ಣಿಗೆ ನೀರು ಬೀಳುವುದು ಅವರು ಹೇಳುವವರೆಗೆ ಬೇಡ. ಶಸ್ತ್ರಚಿಕಿತ್ಸೆ ಆದ ಕಣ್ಣಿಗೆ ಹಳೆಯ ಹನಿ ನಿಲ್ಲಿಸಲು ಹೇಳಿದರೆ ಇನ್ನೊಂದು ಕಣ್ಣಿನದನ್ನೂ ನಿಲ್ಲಿಸಿಬಿಡುವವರು ಬಹಳ. ಯಾವ ಕಣ್ಣು, ಯಾವ ಹನಿ ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ. ವರ್ಷಗಳ ನಂತರವೂ ಆ ಕಣ್ಣು ಕೆಂಪಾಗಿ ಪಿಸುರು ಬಂದರೆ ಅದೇ ದಿನ ಆಸ್ಪತ್ರೆ.

ಬಿಪಿಎಲ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ.

ಉಳಿದವು, ಜಾಗವಿದ್ದಷ್ಟು

ಪೊರೆ ‘ಬಲಿಯಲಿ’ ಎಂದು ಕಾಯಬೇಡಿ, ತೀರ ಬಲಿತ ಪೊರೆ ತಾನೇ ಒತ್ತಡ ಏರಿಸುತ್ತದೆ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲ ತೋರಿಸಿ. ಕಣ್ಣಿಗೆ ಹೊಟ್ಟು ಬಡಿದರೆ ಶುದ್ಧ ನೀರಲ್ಲಿ ತೊಳೆಯುವುದು ಬಿಟ್ಟು ಎಣ್ಣೆ, ಎದೆಹಾಲು, ಸೊಪ್ಪಿನ ರಸ ಏನೂ ಬೇಡ. ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಮರುದಿನಕ್ಕೆ ತಳ್ಳಬೇಡಿ. ಊರಿಗೆ ಶಿಬಿರ ಬಂದಾಗ, ಈಗ ಹಾಕುತ್ತಿರುವ ಹನಿಯ ಬಾಟಲಿ ಖಾಲಿಯಾಗಿದ್ದರೂ ಕಿಸೆಯಲ್ಲಿಟ್ಟುಕೊಂಡು ಹೋಗಿ.